ಮೌಂಟ್ ಲಾಫ್ಟಿಯ ಕೆಂಪೆಲೆ, ಒಂದು ದಸರಾ

ಬ್ರಿಸ್ಬೇನ್‌ನಿಂದ ಅಡಿಲೇಡ್‌ಗೆ ಎರಡೂವರೆ ಗಂಟೆಯ ವಿಮಾನ. ಏಪ್ರಿಲ್ ಕೊನೆಯ ಶನಿವಾರ ಇಳಿದಾಗ ತುಂತುರು ಮಳೆ. ಪರ್ತ್‌ನ ಜೂಂಡಲಪ್‌ನಿಂದ ಬಂದಿದ್ದ ನಯಾಜ್ ಹೊರಗೆ ಕಾಯುತ್ತಿದ್ದ. ಇಬ್ಬರೂ ಮೈಸೂರಿನವರು, ಇಪ್ಪತ್ತೈದು ವರ್ಷದ ಹಿಂದೆ ಇದೇ ಅಡಿಲೇಡ್‌ನಲ್ಲಿ ಓದುವಾಗ ಒಂದೇ ರೂಮಿನಲ್ಲಿದ್ದೆವು. ಆಗ ಒಮ್ಮೆ ಮೌಂಟ್ ಲಾಫ್ಟಿ ಬೆಟ್ಟಕ್ಕೆ ಒಟ್ಟಿಗೆ ಹೋಗಿದ್ದೆವು.

ಆ ದಿನದ ಕಥೆಯನ್ನು ಮನೆಯಲ್ಲಿ ಎಷ್ಟೋ ಸಲ ಹೇಳಿದ್ದೇನೆ: ದಸರಾ ಹಬ್ಬ, ಕಾಡೆಲ್ಲ ಉದುರುವ ಕೆಂಪೆಲೆ, ಕೈಯಲ್ಲಿ ಒಬ್ಬಟ್ಟು. ಹೋದ ತಿಂಗಳು ಮಗಳು ಮೊಬೈಲಿನಿಂದ ತಲೆಯೆತ್ತದೆ, "ಡ್ಯಾಡ್, ಅಕ್ಟೋಬರ್ ಈಸ್ ಸ್ಪ್ರಿಂಗ್ ಹಿಯರ್," ಅಂದಳು. ನಿಜ. ದಸರಾ ಹೊತ್ತಿಗೆ ಇಲ್ಲಿ ಮರಗಳು ಚಿಗುರುತ್ತವೆ. ಇಷ್ಟು ವರ್ಷ ಅದು ನನಗೆ ಹೊಳೆದೇ ಇರಲಿಲ್ಲ. ಅಮ್ಮನ ಮರೆವು ಶುರುವಾದದ್ದೂ ಹೀಗೆಯೇ, ಹಬ್ಬಗಳು ಅದಲುಬದಲಾಗಿ. ಆಗ ಅವಳಿಗೆ ಈಗಿನ ನನ್ನದೇ ವಯಸ್ಸು. ಡಾಕ್ಟರ ಹತ್ತಿರ ಹೋಗುವ ಮೊದಲು, ಅಂದು ಜೊತೆಗಿದ್ದವನನ್ನು ಆ ಜಾಗದಲ್ಲೇ ನಿಲ್ಲಿಸಿ ಕೇಳಬೇಕೆನಿಸಿತು.

ಬಸ್ಸಿನಲ್ಲಿ ಅರ್ಧ ಗಂಟೆ ಬೆಟ್ಟದ ದಾರಿ ಹತ್ತಿ ಕ್ರೇಫರ್ಸ್‌ನಲ್ಲಿ ಇಳಿದು, ಕಾಫಿ ಕುಡಿದು ನಡೆಯತೊಡಗಿದೆವು. ದಾರಿಯುದ್ದಕ್ಕೂ ಮಂಜು, ನೀಲಗಿರಿ ಮರ, ಎಲ್ಲವೂ ಹಸಿರು. ನನ್ನ ಕೆಂಪು ಕಾಡು ಎಲ್ಲಿ ಹೋಯಿತು? ಸಸ್ಯೋದ್ಯಾನದ ಇಳಿಜಾರಿಗೆ ಬಂದಾಗ ಮೇಪಲ್ ಮರಗಳು ಸಿಕ್ಕವು, ಕೆಂಪು, ಹಳದಿ, ಕಾಲಡಿ ಒದ್ದೆ ಎಲೆ. ಕಾಡಲ್ಲ, ನೆಟ್ಟು ಬೆಳೆಸಿದ ಒಂದು ಮಗ್ಗುಲು ಅಷ್ಟೇ.

ಅಲ್ಲಿ ನಿಂತು, ಅಂದು ನಾವು ಬಂದದ್ದು ದಸರಾ ದಿನವೇ ಅಲ್ಲವೇ ಎಂದು ಕೇಳಿದೆ.

"ದಸರಾ ಅಲ್ಲ ಕಣೋ, ಯುಗಾದಿ," ಅಂದ ನಯಾಜ್. "ನೀನೇ ಒಬ್ಬಟ್ಟು ತಟ್ಟಿದ್ದೆ. ಅರ್ಧ ಸೀದು ಹೋಗಿತ್ತು."

ಯುಗಾದಿ ಅಂದರೆ ಇಲ್ಲಿ ಎಲೆ ಬಣ್ಣ ತಿರುಗುವ ಕಾಲ. ಚಿಗುರಿನ ಹಬ್ಬದ ದಿನ ಎಲೆ ಉದುರುವುದನ್ನು ಒಪ್ಪದೆ ನನ್ನ ತಲೆಯೇ ಹಬ್ಬವನ್ನು ಬದಲಿಸಿಕೊಂಡಿರಬೇಕು. ಎದೆ ಹಗುರಾಗಿ ನಕ್ಕೆ. ಅವನು ನಿಲ್ಲಿಸಲಿಲ್ಲ.

"ಬೇವು ಸಿಗ್ಲಿಲ್ಲ ಅಂತ ಹಾಗಲಕಾಯಿ ಚೂರಿಗೆ ಬೆಲ್ಲ ಹಚ್ಚಿ ತಿನ್ನಿಸ್ದೆ. ಇವತ್ತಿಗೂ ಮನೇಲಿ ಹೇಳ್ಕೊಂಡು ನಗ್ತೀವಿ. ನೆನಪಿಲ್ವಾ?"

"ಇಲ್ಲ."

ಅವನ ನಗು ನಿಂತಿತು. ಅಮ್ಮನ ಮರೆವಿನ ವಿಷಯ ಅವನಿಗೆ ಗೊತ್ತಿತ್ತು. "ಅಮ್ಮಂಗೆ ತಾನು ತಪ್ಪಿದ್ದು ಗೊತ್ತಾಗ್ತಿತ್ತಾ?" ಎಂದು ಕೇಳಿದ.

"ಗೊತ್ತಾಗ್ತಿರ್ಲಿಲ್ಲ."

"ನಿಂಗೆ ಗೊತ್ತಾಯ್ತಲ್ಲ. ನಡಿ, ಹೊಟ್ಟೆ ಹಸೀತಿದೆ."

ಗೊತ್ತಾದದ್ದು ಮಗಳು ಹೇಳಿದ ಮೇಲೆ ಎಂಬುದನ್ನು ಅವನಿಗೆ ಹೇಳಲಿಲ್ಲ. ಬೆಂಚಿನ ಮೇಲೆ ಕೂತು ಅವನು ತಂದಿದ್ದ ಚಿತ್ರಾನ್ನ ತಿಂದೆವು.

ಮರುದಿನ ವಿಮಾನ ಮೇಲೇರಿದಾಗ ಕಿಟಕಿಯಿಂದ ಬೆಟ್ಟ ಕಂಡಿತು, ಪೂರ್ತಿ ಹಸಿರು. ಕೆಂಪು ಮಗ್ಗುಲನ್ನು ಹುಡುಕಿದೆ, ಸಿಗಲಿಲ್ಲ. ಅಷ್ಟರಲ್ಲಿ ನಾಲಿಗೆಯ ಮೇಲೆ ಬೆಲ್ಲದ ಜೊತೆಗೆ ಹಾಗಲಕಾಯಿಯ ಕಹಿ ಸ್ಪಷ್ಟವಾಗಿ ಬಂತು. ನೆನಪಾಯಿತು ಎಂದು ನಯಾಜ್‌ಗೆ ಬರೆಯಲು ಫೋನ್ ತೆಗೆದೆ. ಅದು ಆ ದಿನದ ಕಹಿಯೋ, ನಿನ್ನೆ ಅವನು ಹೇಳಿದ್ದೋ ತಿಳಿಯದೆ ಫೋನನ್ನು ಜೇಬಿಗೆ ಹಾಕಿದೆ.