ತಮ್ಮನ ಪಾಲಿನ ಬೆಲ್ಲ

ಇಂದು ಹುಮನಾಬಾದಿನ ಕಿರಾಣಿ ಅಂಗಡಿಯಲ್ಲಿ ಬೆಲ್ಲದ ಹೊಸ ಪೆಂಟಿ ಒಡೆದರು. ಆ ವಾಸನೆಗೆ ಬಸವಕಲ್ಯಾಣದ ನಮ್ಮ ಶಾಲೆಯ ವರಾಂಡ ಕಣ್ಣಮುಂದೆ ಬಂತು.

ಶಾಲೆಯ ವಾರ್ಷಿಕೋತ್ಸವ, ಅಂದರೆ ಗ್ಯಾದರಿಂಗ್ ಹತ್ತಿರ ಬಂದಾಗ ಮಾಸ್ತರರು ಅಲ್ಲೇ ನಮಗೆ ಹಳೆಯ ಪೌರಾಣಿಕ ನಾಟಕವೊಂದರ ತಾಲೀಮು ಮಾಡಿಸುತ್ತಿದ್ದರು. ನಾನು ರಾಣಿ. ನನ್ನ ತಮ್ಮ ಶಿವು ಬಾಣ ತಾಗಿ ಸಾಯುವ ರಾಜಕುಮಾರ. ಆ ದೃಶ್ಯ ಮುಗಿದ ಕೂಡಲೇ ಮಾಸ್ತರರು ಜೇಬಿನಿಂದ ಕಾಗದದ ಪೊಟ್ಟಣ ತೆಗೆದು ಅವನ ಬಾಯಿಗೆ ಬೆಲ್ಲದ ಚೂರು ಹಾಕುತ್ತಿದ್ದರು.

“ಏಳೋ ರಾಜಕುಮಾರ. ಸತ್ತಾಂವ ಹಂಗೇ ಮನಿಗಿ ಹೋದ್ರ ನಿಮ್ಮವ್ವ ನನಗ ಬಿಡ್ತಾಳೇನು?”

ಬೆಲ್ಲ ನಾಲಿಗೆಗೆ ತಾಗುವವರೆಗೆ ಅವನು ಏಳುತ್ತಿರಲಿಲ್ಲ.

ಒಂದು ದಿನ ಹೆಡ್‌ಮಾಸ್ತರರು ಕರೆದರೆಂದು ಮಾಸ್ತರರು ಆ ಚೂರನ್ನು ನನ್ನ ಕೈಗೆ ಕೊಟ್ಟು ಹೋದರು. ನಾನೇ ತಿಂದುಬಿಟ್ಟೆ. ಗಂಟಲು ಹರಿಯುವಂತೆ ಅಳುವವಳು ನಾನು, ಸುಮ್ಮನೆ ಮಲಗುವವನಿಗೆ ಬೆಲ್ಲ ಎಂಬ ಹೊಟ್ಟೆಕಿಚ್ಚು. ಶಿವು ಕಣ್ಣು ಮುಚ್ಚಿ, ಬಾಯಿ ತೆರೆದುಕೊಂಡು ಕಾಯುತ್ತಲೇ ಇದ್ದ.

“ಯಕ್ಕಾ, ನನ್ನ ಬೆಲ್ಲ ಎಲ್ಲದ?”

“ನೀ ಖರೇನ ಸತ್ತೀಯೇನು? ಏಳು, ನಾಟಕ ಸಾಕು.”

ಅವನು ಅಳಲಿಲ್ಲ. ಎದ್ದು ಅಂಗಿಯ ಧೂಳು ಜಾಡಿಸಿಕೊಂಡ. ಮಾಸ್ತರರಿಗೂ ಹೇಳಲಿಲ್ಲ, ಅವ್ವನಿಗೂ ಹೇಳಲಿಲ್ಲ.

ಅದೆಲ್ಲ ಆಗಿ ಎಷ್ಟೋ ವರ್ಷ. ಈಗ ಶಿವು ತೀರಿಕೊಂಡು ಆರು ತಿಂಗಳಾಯಿತು. ಆ ಬೆಲ್ಲಕ್ಕೂ ಅವನ ಸಾವಿಗೂ ಸಂಬಂಧವಿಲ್ಲವೆಂದು ನನಗೆ ಗೊತ್ತು. ಆದರೂ ಕಾಯುತ್ತಿದ್ದ ಆ ಬಾಯಿಯನ್ನು ಮರೆಯಲು ಆಗುತ್ತಿಲ್ಲ.

“ರುಚಿ ನೋಡ್ರಿ ಅಕ್ಕಾ” ಎಂದು ಅಂಗಡಿಯವರು ಒಂದು ಚೂರು ಕೊಟ್ಟರು. ತಿನ್ನಲು ಆಗಲಿಲ್ಲ. ಸೆರಗಿನ ತುದಿಗೆ ಕಟ್ಟಿಕೊಂಡು ಮನೆಗೆ ಬಂದೆ.