ತಪ್ಪಕ್ಕನ ಪುಸ್ತಕ

ವಿಶ್ವವಿದ್ಯಾಲಯದ ಆರೋಗ್ಯ ಮತ್ತು ನರ್ಸಿಂಗ್ ವಿಭಾಗದಲ್ಲಿ ಪ್ರತಿ ವರ್ಷ ಒಂದು ಪುಸ್ತಿಕೆ ಅಚ್ಚಾಗುತ್ತದೆ. ‘ಸಿಬ್ಬಂದಿಯ ಚಟುವಟಿಕೆಗಳು ಮತ್ತು ಸಾಧನೆಗಳು’ ಎಂದು ಅದರ ಹೆಸರು. ಯಾರು ಯಾವ ಸಮ್ಮೇಳನಕ್ಕೆ ಹೋದರು, ಯಾರ ಲೇಖನ ಎಲ್ಲಿ ಬಂತು, ಯಾರಿಗೆ ಯಾವ ಪದಕ ಸಿಕ್ಕಿತು, ಎಲ್ಲ ಅದರಲ್ಲಿರುತ್ತದೆ. ಪ್ರೊಫೆಸರೊಬ್ಬರು ಹೊಸ ನೀರಿನ ಫಿಲ್ಟರಿನ ಮುಂದೆ ರಿಬ್ಬನ್ ಕತ್ತರಿಸಿದ್ದನ್ನೂ ಸಾಧನೆ ಎಂದು ಬರೆಸಿದ್ದುಂಟು. ಇಪ್ಪತ್ತಾರು ವರ್ಷಗಳಿಂದ ಒಂದೇ ಒಂದು ಹೆಸರಿನ ಮುಂದೆ ಮಾತ್ರ ಜಾಗ ಖಾಲಿ. ಅದು ತಪ್ಪಕ್ಕನದು.

ಇದು ಹೆತ್ತವರು ಇಟ್ಟ ಹೆಸರಲ್ಲ, ಹುಡುಗಿಯರು ಇಟ್ಟದ್ದು. ಆಕೆ ಪ್ರಾಕ್ಟಿಕಲ್ ಕೋಣೆಯ ಟೀಚರು. ಆ ಕೋಣೆಯಲ್ಲಿ ಎಂಟು ಮಂಚ, ಐದು ರಬ್ಬರ್ ಗೊಂಬೆ. ಗೊಂಬೆಗಳಲ್ಲೊಂದಕ್ಕೆ ತೋಳು ಮುರಿದು ಎಷ್ಟೋ ವರ್ಷವಾಗಿದೆ. ಅಲ್ಲಿ ಹಾಸಿಗೆ ಹಾಸುವುದರಿಂದ ಹಿಡಿದು ಸೂಜಿ ಚುಚ್ಚುವವರೆಗೆ ಎಲ್ಲ ಕಲಿಸುವುದು ಆಕೆಯೇ. ಗೊಂಬೆಗೆ ಚುಚ್ಚುವಾಗಲೂ “ಸ್ವಲ್ಪ ನೋವಾಗುತ್ತೆ” ಅಂತ ಹೇಳದಿದ್ದರೆ ಆಕೆಗೆ ಮೂಗಿನ ತುದಿಯಲ್ಲಿ ಕೋಪ. “ಗೊಂಬೆಗೆ ಹೇಳದವಳು ನಾಳೆ ಮನುಷ್ಯರಿಗೆ ಹೇಳ್ತೀಯಾ?” ಎಂದು ಗದರುತ್ತಾಳೆ. ಹುಡುಗಿಯರು ಬಾಯಿಗೆ ಸೆರಗು ಮುಚ್ಚಿಕೊಂಡು ನಗುತ್ತಾರೆ, ಆಮೇಲೆ ಗೊಂಬೆಗೆ ಹೇಳುತ್ತಾರೆ.

ಕೋಣೆಯ ಮೂಲೆಯ ಮೇಜಿನ ಡ್ರಾಯರಿನಲ್ಲಿ ದಪ್ಪ ರಟ್ಟಿನ ಪುಸ್ತಕವೊಂದಿದೆ. ವಾರ್ಡಿನಲ್ಲಿ ತಪ್ಪು ಮಾಡಿದವರು ಬಂದು ಅದರಲ್ಲಿ ಬರೆಯಬೇಕು. ಹೆಸರು ಬೇಡ, ತಾರೀಖು ಮತ್ತು ತಪ್ಪು ಸಾಕು. ಬರೆದಾದ ಮೇಲೆ ತಪ್ಪಕ್ಕ ಅವರ ಜೊತೆಯಲ್ಲೇ ವಾರ್ಡಿಗೆ ಹೋಗಿ, ಡಾಕ್ಟರಿಗೂ ರೋಗಿಗೂ ಅವರ ಬಾಯಿಂದಲೇ ಹೇಳಿಸಿ, ಸರಿಪಡಿಸಿ ಬರುತ್ತಾಳೆ. ಆಮೇಲೆ ಆ ಮಾತು ಎತ್ತುವಂತಿಲ್ಲ. ಪುಸ್ತಕ ಆ ಕೋಣೆ ಬಿಟ್ಟು ಹೊರಗೆ ಹೋಗುವಂತಿಲ್ಲ. ಇದು ಆಕೆ ಪ್ರತಿ ವರ್ಷ ಹೊಸ ಹುಡುಗಿಯರಿಗೆ ಕೊಡುವ ಮಾತು.

ಈ ವರ್ಷ ಹೊಸ ಡೀನ್ ಮೇಡಂ ಬಂದರು. ಬಂದವರೇ ಒಂದು ಸುತ್ತೋಲೆ ಕಳಿಸಿದರು: ಸಾಧನೆಯ ಕಾಲಂ ಖಾಲಿ ಬಿಟ್ಟವರು ಇನ್ನು ಪಾಠ ಮಾಡುವಂತಿಲ್ಲ, ಅವರಿಗೆ ಬೇರೆ ಕೆಲಸ. ತಪ್ಪಕ್ಕನಿಗೆ ಗೊತ್ತು ಮಾಡಿದ್ದು ಬಟ್ಟೆ ಸ್ಟೋರು. ಹಾಸಿಗೆ ಬಟ್ಟೆ, ದಿಂಬಿನ ಚೀಲ ಎಣಿಸಿ ಕೊಡುವ ಕೆಲಸ. ಸುತ್ತೋಲೆಯನ್ನು ಆಕೆ ಎರಡು ಸಲ ಓದಿದಳು. ಆ ಕೋಣೆ ಬಿಟ್ಟರೆ ಆಕೆಗೆ ಬೇರೆ ಪ್ರಪಂಚ ಗೊತ್ತಿಲ್ಲ.

ಸಂಜೆ ಅಡುಗೆಮನೆಯ ಮೇಜಿನ ಮೇಲೆ ಫಾರಂ ಹರಡಿಕೊಂಡು ಕೂತಳು. ಗಂಡ ಟೈಲರು, ಕೊರಳಲ್ಲಿ ಟೇಪು ನೇತುಹಾಕಿಕೊಂಡೇ ಚಹಾ ಕುಡಿಯುವವನು.

“ಏನಾದ್ರೂ ಬರೀ ಮಾರಾಯ್ತಿ,” ಎಂದ.

“ಏನಂತ ಬರೀಲಿ? ಆರುನೂರು ಹುಡುಗೀರಿಗೆ ಹಾಸಿಗೆ ಹಾಸೋದು ಕಲಿಸಿದೆ ಅಂತಲಾ?”

“ನಾನು ನಾಲ್ಕು ಸಾವಿರ ಪ್ಯಾಂಟಿನ ಕಾಲು ಮೊಟಕು ಮಾಡಿದೀನಿ. ನನ್ನನ್ನೂ ಸೇರಿಸು.”

ಆಕೆಗೆ ನಗು ಬಂತು, ಜೊತೆಗೇ ಅಳುವೂ ಬಂತು. ಅವನು ಚಹಾದ ಲೋಟ ಕೆಳಗಿಟ್ಟು ಪಕ್ಕದಲ್ಲಿ ಕೂತ.

ಪುಸ್ತಿಕೆಯನ್ನು ಜೋಡಿಸುವ ಜವಾಬ್ದಾರಿ ಒಬ್ಬ ಲೆಕ್ಚರರ್ ಹುಡುಗಿಯದು. ತಪ್ಪಕ್ಕನ ಕೈಯಲ್ಲೇ ಕಲಿತು, ಡಾಕ್ಟರೇಟ್ ಮಾಡಿ ಬಂದವಳು. ಅಕ್ಕನ ಸಂಕಟ ನೋಡಲಾರದೆ ಅವಳು ಒಂದು ಕೆಲಸ ಮಾಡಿಬಿಟ್ಟಳು: ಡೀನ್ ಮೇಡಂಗೆ ಪುಸ್ತಕದ ವಿಷಯ ಹೇಳಿದಳು. ಒಳ್ಳೆಯದಾಗಲಿ ಎಂದೇ ಹೇಳಿದ್ದು. ಮಾರನೇ ದಿನ ಬೆಳಿಗ್ಗೆಯೇ ಕರೆ ಬಂತು.

“ಇಪ್ಪತ್ತಾರು ವರ್ಷದ ತಪ್ಪುಗಳು ಒಂದೇ ಕಡೆ!” ಡೀನ್ ಮೇಡಂ ಕುರ್ಚಿಯಿಂದ ಅರ್ಧ ಎದ್ದೇಬಿಟ್ಟರು. “ಇದು ಯಾರ ಹತ್ರಾನೂ ಇರಲ್ಲ ರೀ. ತಂದುಕೊಡಿ. ಲೇಖನ ಬರೆಸೋಣ, ಮೊದಲು ನಿಮ್ಮ ಹೆಸರೇ ಇರುತ್ತೆ. ಸ್ಟೋರಿನ ಮಾತು ನಾನೇ ಹಿಂದಕ್ಕೆ ತಗೊಳ್ತೀನಿ.”

ತಪ್ಪಕ್ಕನಿಗೆ ಬೇಕಾದದ್ದೆಲ್ಲ ತಟ್ಟೆಯಲ್ಲಿಟ್ಟು ಕೊಟ್ಟ ಹಾಗಿತ್ತು. ಹೂಂ ಅಂದರೆ ಮುಗಿಯಿತು.

“ಕೊಡಕ್ಕಾಗಲ್ಲ ಮೇಡಂ,” ಎಂದಳು.

“ಯಾಕೆ? ಹೆಸರೇ ಇಲ್ವಲ್ಲ ಅದರಲ್ಲಿ?”

“ಕೈಬರಹ ಇದೆ. ಬರೆದವರಲ್ಲಿ ಅರ್ಧ ಜನ ಇದೇ ಆಸ್ಪತ್ರೇಲಿ ಇದಾರೆ. ಯಾರಿಗೂ ತೋರಿಸಲ್ಲ ಅಂತ ಮಾತು ಕೊಟ್ಟಿದೀನಿ. ಆ ಮಾತು ನಂಬಿಯೇ ಬರೆದದ್ದು ಅವರು.” ಆಮೇಲೆ ಸೇರಿಸಿದಳು, “ಮೊದಲನೇ ಪುಟ ಮಾತ್ರ ನಂದು. ಅದನ್ನ ಬೇಕಾದ್ರೆ ಬಾಯಲ್ಲೇ ಹೇಳ್ತೀನಿ.”

ಹೇಳಿಯೂಬಿಟ್ಟಳು. ಆಗ ಆಕೆಗೆ ಇಪ್ಪತ್ತಮೂರು ವರ್ಷ. ಚಳಿ ಎಂದ ಒಬ್ಬ ಅಜ್ಜಿಯ ಪಾದಕ್ಕೆ ಬಿಸಿನೀರಿನ ಚೀಲ ಇಟ್ಟಳು, ಬಟ್ಟೆ ಸುತ್ತದೆ, ಬಿಸಿ ಎಷ್ಟಿದೆ ಎಂದು ಮುಟ್ಟಿ ನೋಡದೆ. ಸಕ್ಕರೆ ಕಾಯಿಲೆಯಿಂದ ಅಜ್ಜಿಯ ಪಾದ ಮರಗಟ್ಟಿತ್ತು, ಸುಡುವುದು ಗೊತ್ತಾಗಲಿಲ್ಲ. ಸಂಜೆಗೆ ನೀರುಗುಳ್ಳೆ. ಬೈಗುಳದ ಹೆದರಿಕೆಗೆ ಆಕೆ ತುಟಿ ಎರಡು ಮಾಡಲಿಲ್ಲ, ಪಾದದ ಮೇಲೆ ಹೊದಿಕೆ ಎಳೆದಳು. ಮೂರನೇ ದಿನ ಬೇರೆ ನರ್ಸ್ ನೋಡುವಷ್ಟರಲ್ಲಿ ಕೀವು ತುಂಬಿತ್ತು. ಅಜ್ಜಿ ಎರಡು ಬೆರಳು ಕಳೆದುಕೊಂಡಳು.

“ಸುಟ್ಟಿದ್ದು ಕೈತಪ್ಪು ಮೇಡಂ. ಹೊದಿಕೆ ಎಳೆದದ್ದು ಕೈತಪ್ಪಲ್ಲ. ಹೇಳೋಕೆ ಒಬ್ಬರಾದ್ರೂ ಇದ್ದಿದ್ರೆ ನಾನು ಅವತ್ತೇ ಹೇಳ್ತಿದ್ದೆ.”

ಡೀನ್ ಮೇಡಂ ಮೇಜಿನ ಮೇಲಿದ್ದ ಸುತ್ತೋಲೆಯನ್ನು ನೇರ ಮಾಡಿಟ್ಟರು. “ನಿಯಮ ಎಲ್ಲರಿಗೂ ಒಂದೇ ರೀ,” ಎಂದರು. ದನಿ ಮಾತ್ರ ಮೊದಲಿನಷ್ಟು ಗಟ್ಟಿಯಾಗಿರಲಿಲ್ಲ.

ಒಂದನೇ ತಾರೀಖಿನಿಂದ ತಪ್ಪಕ್ಕ ಬಟ್ಟೆ ಸ್ಟೋರಿನಲ್ಲಿ ಕೂತಳು. ಪುಸ್ತಕ ಮಾತ್ರ ಆ ಕೋಣೆಯ ಡ್ರಾಯರಿನಲ್ಲೇ ಉಳಿಯಿತು. ಬೀಗದ ಕೈ ಆಕೆಯ ಸೊಂಟದಲ್ಲಿ. ಲೆಕ್ಚರರ್ ಹುಡುಗಿ ದಿನಾ ಬಂದು ಬಾಗಿಲಲ್ಲಿ ನಿಂತು ಕಣ್ಣೊರೆಸಿಕೊಳ್ಳುತ್ತಿದ್ದಳು. “ನನ್ನಿಂದಲೇ ಆಯ್ತು ಅಕ್ಕಾ.” “ಹೌದು, ನಿನ್ನಿಂದಲೇ,” ಎನ್ನುತ್ತಿದ್ದಳು ತಪ್ಪಕ್ಕ, “ಈಗ ಈ ಬೆಡ್‌ಶೀಟ್‌ಗಳನ್ನ ಮಡಚು.” ಕೋಪವೇನೂ ಇರಲಿಲ್ಲ. ಆದರೆ ಪಕ್ಕದ ಬೀದಿಯಲ್ಲಿ ಯಾರದೋ ಮಗು ಅತ್ತರೂ ತನ್ನ ಮಗುವೇ ಎಂದು ಏಳುವ ತಾಯಿಯ ಹಾಗೆ, ಪ್ರಾಕ್ಟಿಕಲ್ ಕೋಣೆಯ ಕಡೆಯಿಂದ ಸದ್ದು ಬಂದಾಗಲೆಲ್ಲ ಎದ್ದು ನಿಲ್ಲುತ್ತಿದ್ದಳು.

ಹನ್ನೊಂದನೇ ದಿನ ಮಧ್ಯಾಹ್ನ ಡೀನ್ ಮೇಡಂ ಸ್ಟೋರಿಗೆ ಬಂದರು, ಒಬ್ಬರೇ. ಬಾಗಿಲು ಮುಂದೆ ಮಾಡಿದರು. ದಿಂಬಿನ ರಾಶಿಯ ಪಕ್ಕ ನಿಂತು, ಒಂದು ದಿಂಬನ್ನು ಮುಟ್ಟಿದರು.

“ನಂದೊಂದಿದೆ,” ಎಂದರು. “ನಾನು ವಾರ್ಡಿಗೆ ಸೇರಿದ ಹೊಸದರಲ್ಲಿ. ಒಬ್ಬ ತಾತ ನೀರು ಕೇಳಿದ್ರು. ‘ಬಂದೆ ತಾತ’ ಅಂದೆ. ರೌಂಡ್ಸಿಗೆ ದೊಡ್ಡವರು ಬರೋರಿದ್ರು, ಫೈಲು ಚೆನ್ನಾಗಿ ಕಾಣಲಿ ಅಂತ ಬರೀತಾ ಕೂತೆ. ಇನ್ನೊಂದು ಸಲ ಕೇಳಿದ್ರು. ‘ಬಂದೇಬಿಟ್ಟೆ’ ಅಂದೆ.” ಅವರು ದಿಂಬಿನ ಚೀಲದ ಸುಕ್ಕು ತೀಡಿದರು. “ಹೋಗಿ ನೋಡಿದಾಗ ಇರಲಿಲ್ಲ ಅವರು. ಹೇಗೂ ಉಳೀತಿರಲಿಲ್ಲ. ಆದ್ರೆ ಬಾಯಾರಿಕೊಂಡು ಹೋದ್ರು. ಫೈಲಿಗೆ ಶಭಾಷ್ ಅಂದ್ರು ಎಲ್ಲರೂ. ಮೂವತ್ತೊಂದು ವರ್ಷ ಆಯ್ತು, ನನ್ನ ಮನೇಲೂ ಹೇಳಿಲ್ಲ ಇದನ್ನ. ಎಲ್ಲಿ ಬರೀಲಿ?”

ತಪ್ಪಕ್ಕ ಸಮಾಧಾನ ಹೇಳಲಿಲ್ಲ. ಸಮಾಧಾನ ಹೇಳುವುದು ಆಕೆಯ ಪದ್ಧತಿಯೇ ಅಲ್ಲ. ಸೊಂಟದಿಂದ ಬೀಗದ ಕೈ ತೆಗೆದಳು.

“ಪುಸ್ತಕ ಇಲ್ಲಿಗೆ ತರೋ ಹಾಗಿಲ್ಲ ಮೇಡಂ. ಆ ಕೋಣೇಲೇ ಬರೀಬೇಕು. ಬನ್ನಿ.”

ಇಬ್ಬರೂ ಕಾರಿಡಾರಿನಲ್ಲಿ ನಡೆದುಹೋದರು. ಡೀನ್ ಮೇಡಂ ಮೂಲೆಯ ಮೇಜಿನಲ್ಲಿ ಕೂತು ಒಂದು ಪುಟ ಪೂರ್ತಿ ಬರೆದರು. ಅಷ್ಟು ಹೊತ್ತೂ ತಪ್ಪಕ್ಕ ಅವರಿಗೆ ಬೆನ್ನು ಮಾಡಿ ನಿಂತು, ಯಾರೋ ಅಡ್ಡಾದಿಡ್ಡಿ ಹಾಸಿದ್ದ ಹಾಸಿಗೆಯನ್ನು ಕಿತ್ತು ಮತ್ತೆ ಹಾಸುತ್ತಿದ್ದಳು.

“ಬರೆದಾಯ್ತು,” ಎಂದರು ಡೀನ್ ಮೇಡಂ, ಮೂಗೊರೆಸಿಕೊಳ್ಳುತ್ತಾ. “ಉಳಿದವರ ಜೊತೆ ವಾರ್ಡಿಗೆ ಹೋಗ್ತೀರಂತೆ, ಸರಿಮಾಡೋಕೆ. ನನ್ನ ತಾತ ಈಗ ಎಲ್ಲಿದಾರೆ?”

ತಪ್ಪಕ್ಕ ಹಾಸಿಗೆ ಬಟ್ಟೆಯ ಕೊನೆಯ ಮೂಲೆಯನ್ನು ಒಳಗೆ ಸಿಕ್ಕಿಸಿ ಈ ಕಡೆ ತಿರುಗಿದಳು.

“ಮೂರನೇ ವಾರ್ಡಿನಲ್ಲಿ ನಾಲ್ಕು ಜನ ತಾತಂದಿರಿದಾರೆ,” ಎಂದಳು. “ಈ ಹೊತ್ತಿಗೆ ಎಲ್ಲರಿಗೂ ಬಾಯಾರಿರುತ್ತೆ.”

ಡೀನ್ ಮೇಡಂ ಎದ್ದರು. ಬಾಗಿಲ ಹತ್ತಿರ ಹೋಗಿ ನಿಂತು, “ನಾಳೆಯಿಂದ ನೀವು ಇಲ್ಲೇ ಇರಿ ಅಕ್ಕಾ,” ಎಂದರು, “ಆ ಕಾಲಂ ಖಾಲಿಯೇ ಇರಲಿ.” ಹಾಗೆಂದವರು ತಿರುಗಿ ನೋಡದೆ, ಅಲ್ಲಿದ್ದ ನೀರಿನ ಜಗ್ಗು ಹಿಡಿದುಕೊಂಡು ಮೂರನೇ ವಾರ್ಡಿನ ಕಡೆ ನಡೆದರು.