ಮೆಣಸಿನ ಪುಡಿಯ ಶಕುನ

ನನ್ನ ಗಂಡನಿಗೆ ನಿಘಂಟು ಕಚೇರಿಯಲ್ಲಿ ಕೆಲಸ. ಇಂಗ್ಲಿಷ್ ಪದಗಳಿಗೆ ಕನ್ನಡದಲ್ಲೂ ತಮಿಳಿನಲ್ಲೂ ಅರ್ಥ ಬರೆದು ಚೀಟಿ ಮಾಡುವುದು. ಅಂಗಿಯ ಜೇಬಿನಲ್ಲಿ ಚೀಟಿ, ದಿಂಬಿನ ಕೆಳಗೆ ಚೀಟಿ, ಒಮ್ಮೆ ಅಕ್ಕಿ ಡಬ್ಬಿಯಲ್ಲೂ ಚೀಟಿ. ಬೀದಿಯವರು ಅವರನ್ನು ಚೀಟಿಪಂಡಿತರು ಎನ್ನುತ್ತಾರೆ. ಅವರಿಗೆ ಅದು ಬಿರುದು. ಗುಡಿಸುವವಳು ನಾನು.

ಆ ವಾರ ಅವರ ಪಾಲಿಗೆ ಬಂದ ಪದ 'ಆಸ್ಪಿಸ್', ಅಂದರೆ ಶಕುನ. ಊಟಕ್ಕೆ ಕೂತರೂ ಅದೇ ಜಪ.

"ಲ್ಯಾಟಿನ್‌ನಲ್ಲಿ ಏವಿಸ್ ಅಂದ್ರೆ ಹಕ್ಕಿ ಕಣೇ. ಹಕ್ಕಿ ಹಾರೋದು ನೋಡಿ ಕೆಲಸಕ್ಕೆ ಕೈ ಹಾಕ್ತಿದ್ರು, ಅದರಿಂದ ಬಂದ ಪದ. ನಮ್ಮ ಶಕುನಾನೂ ಸಂಸ್ಕೃತದಲ್ಲಿ ಹಕ್ಕೀನೇ. ಹಳೇ ತಮಿಳಿನ ಪುಳ್ ಕೂಡ ಹಕ್ಕಿ, ಶಕುನ ಎರಡೂ. ನೋಡಿದ್ಯಾ?"

"ನೋಡ್ದೆ. ಅನ್ನ ಆರ್ತಿದೆ," ಎಂದೆ.

ಈಗಿನ ತಮಿಳಿಗೆ ಸಗುನಂ, ನಿಮಿತ್ತಂ ಎಂದು ಪುಸ್ತಕಗಳಲ್ಲಿ ಇತ್ತು. ಆದರೆ ಅವರ ಕಚೇರಿಗೆ ಪುಸ್ತಕ ಸಾಲದು. ಆ ಮಾತಿನವರು ತಾವಾಗಿಯೇ ಆಡಿದ್ದನ್ನು ಕಿವಿಯಾರೆ ಕೇಳಿ ಬರೆಯಬೇಕು. ಪ್ರಶ್ನೆ ಕೇಳಿ ಬಾಯಿಬಿಡಿಸಿದರೆ ಚೀಟಿ ರದ್ದು.

ನಮ್ಮ ಮೇಲ್ಮಹಡಿಯಲ್ಲಿ ತಮಿಳು ಅಜ್ಜಿಯೊಬ್ಬರಿದ್ದಾರೆ. ಅವರೂ ಎರಡು ಬೀದಿ ಆಚೆಗಿರುವ ಅವರ ತಂಗಿಯೂ ಮಾತು ಬಿಟ್ಟು ಹನ್ನೆರಡು ವರ್ಷ. ಆ ತಂಗಿ ಅಂದು ಸಂಜೆ ಐದರ ರೈಲಿಗೆ ಮಗಳ ಊರಿಗೆ ಹೊರಡುವವರು, ಇನ್ನು ಇತ್ತ ಬರುವವರಲ್ಲ. "ಇವತ್ತು ಹೋಗಿ ಮುಖ ನೋಡ್ಕೊಂಡು ಬರ್ತೀನಿ," ಎಂದು ಅಜ್ಜಿ ನನ್ನೊಬ್ಬಳಿಗೇ ಹೇಳಿದ್ದರು. ನಾನು ಗಂಡನಿಗೆ ಹೇಳಲಿಲ್ಲ. ಅವರ ಕಿವಿಗೆ ಬೀಳುವುದು ಪದಗಳು ಮಾತ್ರ, ಸುದ್ದಿಯಲ್ಲ.

ಮಧ್ಯಾಹ್ನ ಎರಡಕ್ಕೆ ಅಜ್ಜಿ ಇಸ್ತ್ರಿಯ ಸೀರೆ ಉಟ್ಟು ಮೆಟ್ಟಿಲು ಇಳಿದರು. ಅವರ ಬಾಯಿಂದ ಆ ಪದ ಬರಲೆಂದು ಕೆಳಗೆ ಹೊಂಚು ಹಾಕಿದ್ದ ನಮ್ಮ ಪಂಡಿತರು ನನ್ನ ಮೆಣಸಿನ ಪುಡಿಯನ್ನು ಮೂಗಿಗೇರಿಸಿ ಸೀನಿದರು. ಒಂದೇ ಸೀನು, ಕಿಟಕಿ ಅದುರುವ ಹಾಗೆ. ಅಜ್ಜಿ ನಿಂತುಬಿಟ್ಟರು. "ಸಗುನಂ ಸರಿಯಿಲ್ಲೈ," ಎಂದು ಗೊಣಗಿ, ತಿರುಗಿ ಮೇಲೇರಿ ಬಾಗಿಲು ಮುಂದಕ್ಕೆ ದೂಡಿಕೊಂಡರು.

ಇವರು ಅಡುಗೆಮನೆಗೆ ಓಡಿಬಂದರು. ಕಣ್ಣಲ್ಲಿ ನೀರು, ಕೈಯಲ್ಲಿ ಆಗಲೇ ಬರೆದ ಚೀಟಿ, ಮುಖದಲ್ಲಿ ಲಾಟರಿ ಹೊಡೆದ ಕಳೆ. ನನಗೆ ಮೈಯೆಲ್ಲ ಉರಿಯಿತು. ಅಜ್ಜಿ ಹೊರಟದ್ದು ಎಲ್ಲಿಗೆ ಎಂದು ಬಿಡಿಸಿ ಹೇಳಿದೆ. ಆ ಕಳೆ ಇಳಿದುಹೋಯಿತು. ಚೀಟಿಯನ್ನು ಹರಿದರು. ಮದುವೆಯಾದಂದಿನಿಂದ ಅವರು ಚೀಟಿ ಹರಿದದ್ದನ್ನು ನಾನು ಕಂಡದ್ದು ಅದೇ ಮೊದಲು. ಇಬ್ಬರೂ ಮೇಲೆ ಹೋದೆವು.

ಅಜ್ಜಿ ಸೀರೆ ಬದಲಿಸದೆ ಮಂಚದ ಅಂಚಿನಲ್ಲಿ ಕೂತಿದ್ದರು.

"ಅಜ್ಜಿ, ಅದು ನಿಜವಾದ ಸೀನಲ್ಲ. ಮೆಣಸಿನ ಪುಡಿ. ನಂದು ತಪ್ಪಾಯ್ತು," ಎಂದರು ಇವರು.

ಅಜ್ಜಿ ಬೈಯಲಿಲ್ಲ. "ಯಾಕಪ್ಪಾ ಹೇಳ್ದೆ?" ಎಂದರು. "ಬೆಳಿಗ್ಗೆಯಿಂದ ಯಾರಾದ್ರೂ ಸೀನ್ಲಿ ಅಂತ ಕಾಯ್ತಿದ್ದೆ. ಅವಳು ಬಾಗ್ಲೇ ತೆಗೀದಿದ್ರೆ ಏನ್ ಮಾಡ್ಲಿ ಅಂತ ಭಯ ನಂಗೆ. ನೀನು ಸೀನಿದ್ಯಲ್ಲ, ಬದುಕಿಕೊಂಡೆ ಅಂದ್ಕೊಂಡೆ. ಈಗ ಹೋಗದೆ ವಿಧಿ ಇಲ್ಲ."

ಮೂವರೂ ಹೊರಟೆವು. ದಾರಿಯುದ್ದಕ್ಕೂ ಅಜ್ಜಿ ನನ್ನ ಬೆರಳು ನೋಯುವಷ್ಟು ಬಿಗಿಯಾಗಿ ಕೈ ಹಿಡಿದಿದ್ದರು. ಆ ಮನೆಯ ಬಾಗಿಲು ತೆರೆದೇ ಇತ್ತು, ಒಳಗೆ ಪೆಟ್ಟಿಗೆಗಳು. ತಂಗಿ ಎದ್ದು ನಿಂತು ಅಕ್ಕನನ್ನು ನೋಡಿದರು. ಪುಣ್ಯಕ್ಕೆ ನಮ್ಮ ಪಂಡಿತರು ಜೇಬಿನ ಚೀಟಿಗೆ ಕೈ ಹಾಕಲಿಲ್ಲ. ಆಮೇಲೆ ತಂಗಿ ಒಂದು ಪೆಟ್ಟಿಗೆಯ ಧೂಳನ್ನು ಸೆರಗಿನಿಂದ ಒರೆಸಿದರು.

"ಕೂತ್ಕೋ ಅಕ್ಕಾ," ಎಂದರು. "ಬೆಳಿಗ್ಗೆಯಿಂದ ಬಾಗ್ಲು ಹಾಕಿಲ್ಲ ನಾನು."